ಓಬಕ್ಕ ಒರೆಸಿದ ಸೀಟು

ಮೊಳಕಾಲ್ಮುರು
ಭಾನುವಾರ, ೧೬ ನವೆಂಬರ್ ೨೦೨೫

ಚಿರಂಜೀವಿ ಶ್ರುತಿಗೆ ಅಪ್ಪನ ಆಶೀರ್ವಾದಗಳು.

ನಿನ್ನನ್ನೂ ಸೇರಿಸಿ ವಿಮಾನ ಶುಚಿ ಮಾಡುವ ಆರು ಜನರನ್ನು ಗುತ್ತಿಗೆದಾರರು ಕೆಲಸದಿಂದ ಹೊರಗೆ ನಿಲ್ಲಿಸಿ ವಿಚಾರಣೆಗೆ ಕರೆದಿದ್ದಾರೆಂದು ನಿನ್ನೆ ಸಂಜೆ ತಿಳಿಯಿತು. ತಿಳಿಸಿದವನು ಕೊಂಡ್ಲಹಳ್ಳಿಯ ಈರೇಶ, ನಿನ್ನ ಜೊತೆ ಕೆಲಸ ಮಾಡುವ ಕರಿಯಕ್ಕನ ತಮ್ಮ. ಅಕ್ಕ ಫೋನಿನಲ್ಲಿ ಅತ್ತಳಂತೆ, ಅವನು ಬೈಕ್ ಹತ್ತಿ ನೇರವಾಗಿ ನಮ್ಮ ಮನೆಗೆ ಬಂದ. ನಿನ್ನ ಫೋನು ಬುಧವಾರದಿಂದ ಬಂದ್ ಆಗಿದೆ. ಈರೇಶ ನಾಳೆ ಅಕ್ಕನನ್ನು ನೋಡಲು ಹೈದರಾಬಾದಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ.

ಆರೋಗ್ಯ ಹೇಗಿದೆ? ಸಿಟ್ಟಿಗೆ ಊಟ ಬಿಡಬೇಡ. ಚಿಕ್ಕಂದಿನಿಂದಲೂ ನಿನ್ನ ಕೋಪ ಮೊದಲು ತಟ್ಟೆಯ ಮೇಲೆಯೇ ತೀರುತ್ತಿತ್ತು. ಶುಚಿ ಮಾಡುವ ಔಷಧಿ ನೀರಿಗೆ ಬೆರಳ ಸಂದಿ ಬಿರಿಯುತ್ತಿತ್ತಲ್ಲ, ಅದಕ್ಕೆ ನಿಮ್ಮವ್ವ ಒಂದು ಡಬ್ಬಿ ಹರಳೆಣ್ಣೆ ಕಳಿಸಿದ್ದಾಳೆ. ನನ್ನ ಮಂಡಿ ಇದ್ದ ಹಾಗೇ ಇದೆ. ಗುಂಡಿ ಮಗ್ಗಕ್ಕೆ ಇಳಿಯಲಾಗದು, ಕೂತು ನೂಲಿನ ಉಂಡೆ ಸುತ್ತುತ್ತೇನೆ, ನಿಮ್ಮವ್ವ ನೇಯುವಾಗ ಪೇಪರು ಓದಿ ಹೇಳುತ್ತೇನೆ. ನಿನ್ನೆಯಿಂದ ಅವಳು ಮಗ್ಗಕ್ಕೆ ಇಳಿದಿಲ್ಲ. ಹಸಿರಂಚಿನ ಸೀರೆ ಅರ್ಧಕ್ಕೆ ನಿಂತಿದೆ.

ನಡೆದದ್ದನ್ನು ನಾನು ನಿಮ್ಮವ್ವನಿಂದಲೂ, ಅವಳ ಜೊತೆ ಅಹಮದಾಬಾದಿನ ಕೈಮಗ್ಗ ಪ್ರದರ್ಶನಕ್ಕೆ ಹೋಗಿದ್ದ ಸಂಘದ ಶಿವಮೂರ್ತಪ್ಪನವರಿಂದಲೂ ಬೇರೆಬೇರೆಯಾಗಿ ಕೇಳಿದೆ. ಇಬ್ಬರ ಮಾತೂ ಒಂದೇ. ಹೈದರಾಬಾದಿನಲ್ಲಿ ವಿಮಾನ ಹತ್ತುವ ಹಿಂದಿನ ದಿನ ನೀನು ಅವಳಿಗೆ ಫೋನು ಮಾಡಿ, "ಅವ್ವಾ, ನೀ ಹತ್ತೋ ವಿಮಾನ ನಾವೇ ಕ್ಲೀನ್ ಮಾಡೋದು, ಧೈರ್ಯವಾಗಿ ಕೂತ್ಕೋ" ಎಂದಿದ್ದೆ. ಅವಳು ಅದನ್ನು ಶಿವಮೂರ್ತಪ್ಪನವರಿಗೆ ದಾರಿಯುದ್ದಕ್ಕೂ ಹೇಳಿದ್ದಾಳೆ. ಅಲ್ಲಿ ನೋಡಿದರೆ ಸೀಟಿನ ಬಟ್ಟೆ ಸವೆದು ಒಳಗಿನ ಸ್ಪಂಜು ಇಣುಕುತ್ತಿತ್ತು. ಕೈಯೂರುವ ಪಟ್ಟಿಯ ರೆಕ್ಸಿನ್ನು ಸುಲಿದು ಕಪ್ಪಗೆ ಕಾಣುತ್ತಿತ್ತು. ಎದುರಿನ ಊಟದ ಹಲಗೆ ನಿಲ್ಲದೆ, ಅದಕ್ಕೆ ಯಾರೋ ಟೇಪು ಅಂಟಿಸಿದ್ದರು. ಚಳ್ಳಕೆರೆಯ ಹಳೇ ಬಸ್ಸಿನ ಸೀಟೇ ಎಷ್ಟೋ ವಾಸಿ ಎಂದು ಶಿವಮೂರ್ತಪ್ಪನವರು ಈಗಲೂ ಹೇಳುತ್ತಾರೆ.

ನಿಮ್ಮವ್ವ ಮಾಡಿದ್ದು ಇಷ್ಟೇ. ಸೀರೆಗಳಿಗೆ ಸುತ್ತಿದ್ದ ಬಿಳಿ ಬಟ್ಟೆಯೊಂದನ್ನು ಬಿಚ್ಚಿ, ಬಾಟಲಿಯ ನೀರಿನಲ್ಲಿ ಒದ್ದೆ ಮಾಡಿ, ಸೀಟು ಒರೆಸಿದಳು. ಮಗ್ಗದ ಹಲಗೆ ಒರೆಸದೆ ನಮ್ಮಲ್ಲಿ ಯಾರೂ ಕೂರುವುದಿಲ್ಲ. ರೇಷ್ಮೆಗೆ ಒಂದು ಕೂದಲು, ಒಂದು ಎಣ್ಣೆಚುಕ್ಕೆ ಸಾಕು, ಸೀರೆ ಕೆಡಲು. ಅವಳ ಮಡಿಲಲ್ಲಿ ಪ್ರದರ್ಶನದ ಸೀರೆಗಳಿದ್ದವು. ಹಿಂದೆ ಜನ ನಿಂತಿದ್ದರು. "ಓಬಕ್ಕಾ, ಬೇಗ ಕೂತ್ಕೊಳವ್ವ, ಜಾತ್ರೆ ಆಗೈತೆ ಇಲ್ಲಿ" ಎಂದು ಶಿವಮೂರ್ತಪ್ಪನವರು ಗೋಗರೆದರಂತೆ. ಪಕ್ಕದ ಸೀಟಿನ ಹುಡುಗನೊಬ್ಬ ತೆಲುಗಿನಲ್ಲಿ, ಅವ್ವಾ ಇಲ್ಲೇ ಸಂಸಾರ ಹೂಡ್ತೀಯಾ ಎಂದು ಕೆಣಕಿದ. ಇವಳೂ ತೆಲುಗಿನಲ್ಲೇ, "ಸಂಸಾರ ಅಲ್ಲಪ್ಪಾ, ಕೂರೋ ಜಾಗ. ನೀನೂ ಎದ್ದೇಳು, ನಿಂದೂ ಒರೆಸ್ತೀನಿ" ಎಂದಳು. ಅವನು ನಗುತ್ತಾ ಎದ್ದ. ಎದ್ದವನೇ ಮೊಬೈಲಿನಲ್ಲಿ ಚಿತ್ರ ಹಿಡಿದ. ಸೀಟು ಎಷ್ಟು ಗಲೀಜು ನೋಡಿ, ಅಜ್ಜಿಯೇ ತೊಳೆಯಬೇಕಾಯಿತು ಎಂದು ಅದರ ಕೆಳಗೆ ಆಮೇಲೆ ಬರೆದುಕೊಂಡಿದ್ದಾನೆ.

ಅವಳು ಊರಿಗೆ ಬರುವಷ್ಟರಲ್ಲಿ ಇಲ್ಲಿ ಎಲ್ಲರ ಮೊಬೈಲಿನಲ್ಲೂ ಅವಳೇ. ಎದುರುಮನೆ ಹುಚ್ಚಕ್ಕ, "ಏನೇ ಓಬಕ್ಕ, ಸಾರಿಸಿ ರಂಗೋಲಿ ಬಿಡೋದೊಂದು ಬಾಕಿ ಇತ್ತಲ್ಲೇ. ಹಂಗೇ ನಮ್ಮ ಬಸ್ ಸ್ಟ್ಯಾಂಡಿಗೂ ಒಂದು ಕೈ ಹಾಕು" ಎಂದು ಬೀದಿಯೆಲ್ಲ ನಗಿಸಿದಳು. ನಿಮ್ಮವ್ವನಿಗೂ ಒಳಗೊಳಗೇ ಹಿಗ್ಗು. ಬುಧವಾರದ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಶುಚಿತ್ವದ ಲೋಪಕ್ಕೆ ಕಾರಣರಾದವರ ಮೇಲೆ ಕ್ರಮ ಕೈಗೊಳ್ಳುತ್ತೇವೆ ಎಂದು ವಿಮಾನದವರು ಹೇಳಿದ್ದರು. ಸೀಟು ಹಳತಾಗಿದೆ, ಬದಲಿಸುತ್ತೇವೆ ಎಂಬ ಮಾತು ಅದರಲ್ಲಿ ಇರಲಿಲ್ಲ. ನಾನೇ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಕಾರಣರಾದವರು ಎಂದರೆ ನೀವೇ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಈರೇಶ ವಿಷಯ ಹೇಳಿದಾಗ ನಿಮ್ಮವ್ವ ಸೊಪ್ಪು ಬಿಡಿಸುತ್ತಿದ್ದಳು. ಪೂರ್ತಿ ಬಿಡಿಸಿ ಮುಗಿಸಿ, ಕೈ ತೊಳೆದು ಬಂದು ಕೇಳಿದಳು: "ನನ್ನ ಮಗಳು ಕಸ ಬಳಿದ ಜಾಗಾನ ನಾನು ಮತ್ತೆ ಒರೆಸಿದ್ದಕ್ಕಾ?" ಅವನು ಬೈಕಿನ ಕೀಲಿ ಕೈಗೆತ್ತಿಕೊಂಡು ಎದ್ದ. ಹೋಗುವಾಗ ಬಾಗಿಲಲ್ಲಿ ನನ್ನನ್ನು ತಡೆದು ಇನ್ನೊಂದು ಮಾತು ಹೇಳಿದ. ಆ ಚಿತ್ರದಲ್ಲಿರುವವಳು ನಿನ್ನ ತಾಯಿ ಎಂದು ನೀನು ಅಲ್ಲಿ ಯಾರಿಗೂ ಹೇಳಿಲ್ಲವಂತೆ. ಉಳಿದವರು ಆ ಮುದುಕಿಯನ್ನು ಬೈಯುವಾಗ ನೀನು ಎದ್ದು ನಲ್ಲಿಯ ಹತ್ತಿರ ಹೋಗುತ್ತೀಯಂತೆ. ಕರಿಯಕ್ಕನಿಗೆ ಮಾತ್ರ ಗೊತ್ತು, ಅವಳೂ ಬಾಯಿ ಬಿಟ್ಟಿಲ್ಲ. ನಾನು ಇದನ್ನು ನಿಮ್ಮವ್ವನಿಂದ ಮುಚ್ಚಿಡಬೇಕೆಂದಿದ್ದೆ. ಅವಳು ಬಾಗಿಲ ಹಿಂದೆಯೇ ಇದ್ದಳು.

ಇದರಲ್ಲಿ ನಿನ್ನನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಹೊಟ್ಟೆಪಾಡಿನ ಜಾಗದಲ್ಲಿ ಐದು ಜನರ ಮುಖ ನೋಡಿಕೊಂಡು ಏಗಬೇಕಾದವಳು ನೀನು. ಒಂದು ವಿಮಾನದ ಜನ ಇಳಿದು ಇನ್ನೊಂದು ಗುಂಪು ಹತ್ತುವ ಸ್ವಲ್ಪ ಹೊತ್ತಿನಲ್ಲಿ ಸೀಟು, ನೆಲ, ಕಕ್ಕಸು ಎಲ್ಲ ಮುಗಿಸಬೇಕೆಂದು ನೀನು ಹೇಳಿದ್ದು ನೆನಪಿದೆ. ಹಾಗೆಂದು ಇದ್ದದ್ದನ್ನು ಇಲ್ಲ ಎನ್ನಬಾರದು. ಸೀಟಿನ ಚೀಲದಲ್ಲಿ ಕಿತ್ತಳೆ ಸಿಪ್ಪೆ ಉಳಿದಿತ್ತು, ಊಟದ ಹಲಗೆಯ ಮೇಲೆ ಟೀ ಕಲೆ ಇತ್ತು ಎಂದು ನಿಮ್ಮವ್ವನೇ ಹೇಳಿದ್ದಾಳೆ. ಅದು ನಿಮ್ಮ ಕೈತಪ್ಪು, ಒಪ್ಪಿಕೊಳ್ಳಿ. ಉಳಿದದ್ದು ನಿಮ್ಮದಲ್ಲ.

ಹೇಗೆ ಅಲ್ಲ ಎಂಬುದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. ರಾತ್ರಿ ಊಟಕ್ಕೆ ಕೂತಾಗ ಹೇಳಿದಳು: "ಕೊಳೆ ಬ್ಯಾರೆ, ಸವಕಲು ಬ್ಯಾರೆ ಕಣ್ರಿ. ಆ ಕಪ್ಪು ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ಉಜ್ಜಿದಷ್ಟೂ ಎಳೆ ಎದ್ದು ಬಂತು. ಸೀರೆ ಹಳೇದಾಗಿ ಪಿಸುಗಿದ್ರೆ ಅಗಸಗಿತ್ತೀನ ಬೈತಾರಾ?" ಇನ್ನೊಂದು ಮಾತನ್ನು ನಿನಗೆ ತಿಳಿಸಲೇಬೇಕು ಎಂದಿದ್ದಾಳೆ. ನೀನು ಮನೆಯಲ್ಲಿದ್ದಾಗ ಬೆಳಗ್ಗೆ ಮಗ್ಗದ ಕೋಣೆ ಗುಡಿಸಿ ಒರೆಸಿ ಕೊಡುತ್ತಿದ್ದವಳು ನೀನೇ. ಆಮೇಲೂ ಅವಳು ಹಲಗೆಯನ್ನು ತಾನೇ ಇನ್ನೊಮ್ಮೆ ಒರೆಸಿಯೇ ಕೂರುತ್ತಿದ್ದಳು. ಒಂದು ದಿನವೂ ಅದಕ್ಕೆ ನೀನು ಮುಖ ಊದಿಸಿದ್ದಿಲ್ಲ. ಬಳಿದವರ ಮೇಲಿನ ದೂರು ಅದಲ್ಲ ಎಂದು ನಿನಗೆ ಗೊತ್ತಿತ್ತು. ವಿಮಾನದಲ್ಲಿದ್ದವರಿಗೆ ಹೇಗೆ ಗೊತ್ತಾಗಬೇಕು?

ಮನೆಯ ಕಡೆ ಯೋಚನೆ ಬೇಡ. ಕರಿಯಕ್ಕನಿಗೆ ನನ್ನ ಆಶೀರ್ವಾದ ತಿಳಿಸು, ಅವಳು ಗುಟ್ಟು ಕಾಯುವವಳು, ಮನಸ್ಸೂ ಗಟ್ಟಿ. ಈರೇಶನಿಗೆ ಊಟ ಹಾಕದೆ ಕಳಿಸಬೇಡ. ತಿಪ್ಪೇರುದ್ರಸ್ವಾಮಿ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ
ಚಿತ್ತಯ್ಯ

ತಾ.ಕ.: ಕಾಗದ ಮಡಿಸುವಾಗ ನಿಮ್ಮವ್ವ ಬಂದು ಕೂತಿದ್ದಾಳೆ. ಸೀಟು ಒರೆಸಿದ ಆ ಬಿಳಿ ಬಟ್ಟೆ ಒಗೆಯದೆ ಚೀಲದಲ್ಲೇ ಉಳಿದಿತ್ತು. ಈಗ ತೆಗೆದು ಬಿಸಿಲಿನಲ್ಲಿ ಹಿಡಿದು ನೋಡಿದೆವು. ಒಂದು ಮೂಲೆಯಲ್ಲಿ ಟೀ ಕಲೆ ಇದೆ, ಸೀಟಿನ ನೀಲಿ ಎಳೆಗಳು ಒಂದು ಹಿಡಿಯಷ್ಟು ಅಂಟಿವೆ. ಉಳಿದಂತೆ ಬಟ್ಟೆ ಬೆಳ್ಳಗೇ ಇದೆ. ಅದನ್ನು ಹಾಗೇ ಕಟ್ಟಿಕೊಂಡು ವಿಚಾರಣೆಗೆ ಬರುತ್ತಾಳೆ. ಶಿವಮೂರ್ತಪ್ಪನವರು ಜೊತೆಗಿರುತ್ತಾರೆ. ನಿನಗೆ ಬೇಡವಾದರೆ ನಿನ್ನ ತಾಯಿ ಎಂದು ಹೇಳಿಕೊಳ್ಳುವುದಿಲ್ಲವಂತೆ, ಸೀಟು ಒರೆಸಿದವಳು ನಾನು, ಹೆಸರು ಓಬಕ್ಕ ಎಂದಷ್ಟೇ ಹೇಳುತ್ತಾಳಂತೆ. ನೀನು ಅವಳ ಕಡೆ ನೋಡದಿದ್ದರೂ ಸರಿಯೇ ಎಂದು ಬರೆಯಲು ಹೇಳಿದಳು. ಬರೆದಿದ್ದೇನೆ. ಗುರುವಾರ ಸಂಜೆ ಬಳ್ಳಾರಿಯಲ್ಲಿ ಬಸ್ಸು ಹತ್ತುತ್ತಾರೆ. ವಿಚಾರಣೆ ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ.