ಖಾಲಿ ಎಂದು ಬರೆಸಿದವರಿಗೆ

ನಡುಗಡ್ಡೆಯ ವಾಡೆ,
ದಡ್ಡಿ ಹತ್ತಿರ, ತಾ. ಹುಕ್ಕೇರಿ
೧೪ ಸೆಪ್ಟೆಂಬರ್ ೧೯೯೮

ಮನೆಯವರಿಗೆ,

ಜಯ ಜಿನೇಂದ್ರ. ಪಾದಕ್ಕೆ ನಮಸ್ಕಾರ ಎಂದು ಬರೆಯುವುದು ರೂಢಿ. ಈ ಸಲ ಕೈ ಬರಲಿಲ್ಲ, ಬಿಟ್ಟಿದ್ದೇನೆ. ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳುವಷ್ಟು ತಾಳ್ಮೆ ಈಗಿಲ್ಲ. ಪತ್ರ ಮುಗಿಯುವ ಹೊತ್ತಿಗೆ ಬಂದರೆ ಕೇಳುತ್ತೇನೆ.

ನಿಮ್ಮ ಕ್ಷಮಾವಣಿಯ ಕಾರ್ಡು ಬಂತು. ಪ್ರತಿ ವರ್ಷದಂತೆ ಅಚ್ಚು ಹಾಕಿಸಿದ್ದು. 'ತಿಳಿದೋ ತಿಳಿಯದೆಯೋ ತಮ್ಮ ಮನಸ್ಸು ನೋಯಿಸಿದ್ದರೆ ಕ್ಷಮೆ ಇರಲಿ.' ಅಂಗಡಿಯ ಗಿರಾಕಿಗಳಿಗೆ ಹೋಗುವ ಕಾರ್ಡೇ ನನಗೂ ಬರುತ್ತದೆ. ಇಷ್ಟು ವರ್ಷ ಅದನ್ನು ದೇವರ ಕೋಣೆಯಲ್ಲಿ ಪಾರ್ಶ್ವನಾಥ ಸ್ವಾಮಿಯ ಮುಂದೆ ಇಟ್ಟು, ಆಯಿತು, ಕ್ಷಮಿಸಿದೆ ಎಂದು ಕೈ ಮುಗಿಯುತ್ತಿದ್ದೆ. ಈ ವರ್ಷವೂ ಹಾಗೆಯೇ ಮಾಡಿದೆ. ಅದಾದ ನಾಲ್ಕು ದಿನಕ್ಕೆ, ಕಳೆದ ಗುರುವಾರ, ನಿಮ್ಮ ಮನೆ ಕೊಳ್ಳುವವರು ಬಂದರು. ಕೊಟ್ಟ ಕ್ಷಮೆ ವಾಪಸು ತೆಗೆದುಕೊಳ್ಳಲು ನಮ್ಮ ಧರ್ಮದಲ್ಲಿ ದಾರಿ ಇದೆಯೋ ಇಲ್ಲವೋ, ಮುನಿಗಳನ್ನು ಕೇಳಬೇಕು.

ಹೌದು, ವಾಡೆ ಮಾರಾಟಕ್ಕಿದೆ ಎನ್ನುವುದು ನನಗೆ ಗೊತ್ತಾದದ್ದು ಕೊಳ್ಳುವವರಿಂದ. ಕರೆಪ್ಪನ ದೋಣಿಯಲ್ಲಿ ಮೂವರು ಇಳಿದರು. ಒಬ್ಬ ಹುಕ್ಕೇರಿಯ ದಲ್ಲಾಳಿ ಮಾಲಿಂಗಪ್ಪ, ಇನ್ನಿಬ್ಬರು ಕೊಲ್ಲಾಪುರದಲ್ಲಿ ಹೋಟೆಲು ನಡೆಸುವ ಗಂಡ ಹೆಂಡತಿ. ಹೆಂಡತಿಯ ಹೆಸರು ಸೋನಾಲಿಯಂತೆ. ತವರು ಕಣಗಲಾ, ಹಾಗಾಗಿ ನಮ್ಮ ಭಾಷೆ ಬರುತ್ತದೆ. ಯಾರೋ ದಾರಿ ತಪ್ಪಿ ಬಂದವರು ಎಂದುಕೊಂಡು ಪಡಸಾಲೆಯಲ್ಲಿ ಚಾಪೆ ಹಾಸಿದೆ, ನೀರು ಕೊಟ್ಟೆ. ಮಾಲಿಂಗಪ್ಪ ನನ್ನ ಕಡೆ ನೋಡದೆ ಅವರಿಗೆ ಹೇಳಿದ, "ಈಕಿ ಮನಿ ನೋಡ್ಕೊಂಡಿರಾಕಿರಿ. ಕಸಾ ಗಿಸಾ ಹೊಡೀತಾಳ." ಅವನಿಗೆ ಹಾಗೆ ಹೇಳಿಕೊಟ್ಟವರು ಯಾರು ಎಂದು ನಾನು ಕೇಳಬೇಕಾಗಿಲ್ಲ.

ಸೋನಾಲಿಯ ಚೀಲದಲ್ಲಿ ಈ ಮನೆಯ ಜಾಹೀರಾತು ಇದ್ದ ಬೆಳಗಾವಿಯ ಪೇಪರು ಇತ್ತು. ಓದುತ್ತೇನೆ ಕೊಡಿ ಎಂದಾಗ, ಕಸ ಹೊಡೆಯುವವಳು ಓದುತ್ತಾಳೆಯೇ ಎಂದು ಆಕೆಯ ಗಂಡನಿಗೆ ನಗು ಬಂತು. ಏಳನೇ ಇಯತ್ತೆ ಪಾಸಾದವಳು ನಾನು. ಓದಿದೆ. 'ನೂರು ವರ್ಷದ ಭವ್ಯ ವಾಡೆ. ದ್ವೀಪದ ಸೊಬಗು. ಸಾಗವಾನಿ ಕಂಬ, ಹದಿನೆಂಟು ಕೋಣೆ, ಸಿಹಿನೀರ ಬಾವಿ, ನಾಲ್ಕೂ ಕಡೆ ಘಟಪ್ರಭೆಯ ಹಿನ್ನೀರು. ಹೋಟೆಲಿಗೆ ಯೋಗ್ಯ. ಪೂರ್ತಿ ಖಾಲಿ ಇದೆ.'

ದ್ವೀಪದ ಸೊಬಗಂತೆ! ಅಣೆಕಟ್ಟು ತುಂಬಿ ಹೊಲಗಳೆಲ್ಲ ನೀರಿನ ಕೆಳಗೆ ಹೋದಾಗ ದಿಬ್ಬದ ಮೇಲೆ ಈ ಮನೆಯೊಂದೇ ಉಳಿದದ್ದನ್ನು ನೀವು ಸೊಬಗು ಎಂದು ಬರೆಸಿದಿರಿ. ಶ್ರಾವಣದಿಂದ ಸಂಕ್ರಮಣದವರೆಗೆ ಒಂದು ಬೆಂಕಿಪೊಟ್ಟಣ ಬೇಕಾದರೂ ದೋಣಿ. ನೀರು ಇಳಿದ ಮೇಲೆ ಮೊಣಕಾಲುದ್ದ ಕೆಸರು. ಹದಿನೆಂಟು ಕೋಣೆಗಳಲ್ಲಿ ಮೇಲಿನವು ಬಾವಲಿಗಳ ಪಾಲಾಗಿವೆ. ಅವು ಕೂಡ ಜಾಹೀರಾತು ಓದಿದರೆ ನಗುತ್ತವೆ. ಅದೆಲ್ಲ ಇರಲಿ, ವ್ಯಾಪಾರಿ ತನ್ನ ಮಜ್ಜಿಗೆಯನ್ನು ಹುಳಿ ಎನ್ನುವುದಿಲ್ಲ. ಆದರೆ 'ಪೂರ್ತಿ ಖಾಲಿ' ಎಂದರೇನು? ನಾನೇನು ಇಲ್ಲಿ ಗಾಳಿ ತಿಂದುಕೊಂಡು ಇದ್ದೇನೆಯೇ? ಆ ಬಾವಿಯ ನೀರು ಸಿಹಿ ಎಂದು ನಿಮಗೆ ಹೇಳುವವರು ಯಾರು, ದಿನಾ ಸೇದುವವಳು ನಾನಲ್ಲವೇ? ಆ ಸಾಗವಾನಿ ಕಂಬಗಳಿಗೆ ಗೆದ್ದಲು ಹತ್ತದಂತೆ ವರ್ಷ ವರ್ಷ ಎಣ್ಣೆ ಒರೆಸಿದ ಕೈ ಯಾರದು? ಬದುಕಿರುವ ಹೆಂಡತಿಯನ್ನು ಎರಡಕ್ಷರದಲ್ಲಿ ಗುಡಿಸಿ ಹಾಕಿದಿರಿ. ನಿಮ್ಮ ಮಾಲಿಂಗಪ್ಪನ ಕಸಬರಿಗೆಗೂ ಆ ಚಾಲಾಕಿ ಇಲ್ಲ.

ಆಗಲೇ ಎದ್ದು ಬಯ್ದು ಕಳಿಸಬಹುದಿತ್ತು. ಬಯ್ಯಲಿಲ್ಲ. ನೋಡೋಣ, ಎಲ್ಲಿಯವರೆಗೆ ಹೋಗುತ್ತದೆ ಎಂದುಕೊಂಡೆ. ಮನೆ ತೋರಿಸಿದೆ. ಆ ಗಂಡಸು ಅಳತೆಯ ಟೇಪು ಹಿಡಿದು ಅಗಸೆ ಬಾಗಿಲಿನಿಂದ ಹಿತ್ತಲಿನವರೆಗೆ ಸುತ್ತಿದ. ಪಡಸಾಲೆಯಲ್ಲಿ ಕುರ್ಚಿ ಮೇಜು, ಹಿತ್ತಲಲ್ಲಿ ಮೀನು ಹುರಿಯುವ ಒಲೆ. ದೇವರ ಕೋಣೆಗೆ ಗಾಳಿ ಬೆಳಕು ಚೆನ್ನಾಗಿದೆ, ಬಾಟಲಿಗಳ ಕಪಾಟು ಅಲ್ಲಿಗೆ ಎಂದ. ಚಾತುರ್ಮಾಸದಲ್ಲಿ ಸೊಪ್ಪಿನಲ್ಲಿ ಹುಳ ಇರುತ್ತದೆ ಎಂದು ಪಲ್ಯ ಮುಟ್ಟದವರು ನೀವು! ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ನಿಮ್ಮನ್ನು ನೋಡಿಯೇ ಹುಟ್ಟಿರಬೇಕು.

ಸೋನಾಲಿ ಅಡುಗೆಮನೆಗೆ ಬಂದಳು. ಒಳ್ಳೆಯ ಹುಡುಗಿ. ಜೋಳದ ಹಿಟ್ಟು ನಾದುತ್ತಿದ್ದ ನನ್ನ ಬಾಜೂ ಮಣೆ ಎಳೆದುಕೊಂಡು ಕೂತು ಮಾತಾಡಿಸಿದಳು. "ಎಷ್ಟ ವರ್ಷ ಆತ್ರಿ ಅವ್ವಾರ ನೀವು ಈ ಮನ್ಯಾಗ ಕೆಲಸಕ್ಕ ಸೇರಿ? ಪಗಾರ ಬರೊಬ್ಬರಿ ಕೊಡ್ತಾರೇನ್ರಿ?" ಎಂದು ಕೇಳಿದಳು. ಕೇಳಿದ್ದರಲ್ಲಿ ತಪ್ಪಿಲ್ಲ, ಆಕೆಗೆ ಯಾರು ಏನು ಹೇಳಿದ್ದರೋ ಅದನ್ನೇ ಕೇಳಿದಳು. ನಾನೆಂದೆ, "ಮದುವ್ಯಾಗ ಅಕ್ಕಿಕಾಳ ಹಾಕಿಸ್ಕೊಂಡ ಬಂದಾಕಿ ಅದೀನ್ರಿ, ಇಪ್ಪತ್ತಾರು ವರ್ಷಾತು. ಪಗಾರ ಇನ್ನೂ ಯಾರೂ ಕೊಟ್ಟಿಲ್ಲ."

ಆಕೆ ಮಣೆಯಿಂದ ಎದ್ದು ನಿಂತಳು. ಮಾಲಕರು ಯಾರು ಹಾಗಾದರೆ ಎಂದು ಕೇಳಿದಳು. ನಿಮ್ಮ ಹೆಸರು ಕೇಳಿದಳು.

ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಒಡಪಿನಲ್ಲಿ ಮಾತ್ರ, ನಿಮಗೆ ಗೊತ್ತು. ಮದುವೆಯಾಗಿ ಇದೇ ಅಗಸೆ ಬಾಗಿಲಿಗೆ ಬಂದಾಗ ಹೆಂಗಸರೆಲ್ಲ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಬಿಡುತ್ತೇವೆ ಎಂದು ಹಟ ಹಿಡಿದಿದ್ದರು. 'ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾಕ, ಬಾಬಾಸಾಹೇಬರ ಹೆಸರ ಹೇಳಾಕ ನನಗ್ಯಾಕ ಧಾಕ' ಎಂದು ಅಂಜಿಕೆ ಇಲ್ಲದೆ ನಾನು ಒಡಪು ಹಾಕಿದಾಗ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ನೀವೇ. ಆಮೇಲೆ ಹಬ್ಬ, ಸೀಮಂತ, ಯಾವ ಮನೆಯ ಆರತಿಗೆ ಹೋದರೂ ನಿಮ್ಮ ಹೆಸರಿಗೊಂದು ಹೊಸ ಒಡಪು ಕಟ್ಟಿಕೊಂಡು ಹೋಗುತ್ತಿದ್ದೆ. ನೀವು ಗೋಕಾಕಕ್ಕೆ ಹೋಗಿ ಬಟ್ಟೆ ಅಂಗಡಿ ಇಟ್ಟು, ಮಳೆ ನಿಂತ ಮೇಲೆ ಬಂದು ಕರೆದೊಯ್ಯುತ್ತೇನೆ ಎಂದು ಹೇಳಿ ಬಾರದೆ ಹೋದ ಮೇಲೂ ಕಟ್ಟಿದ್ದೇನೆ. ಅಲ್ಲಿ ಶೈಲಾಳ ಜೊತೆ ಇನ್ನೊಂದು ಸಂಸಾರ ಹೂಡಿದ್ದೀರಿ ಎಂದು ಗೊತ್ತಾದ ಮೇಲೂ, ಅತ್ತೆಯವರ ಮುಖ ನೋಡಿಕೊಂಡು, ಕಟ್ಟಿದ್ದೇನೆ.

ಗುರುವಾರ ಒಡಪು ಹಾಕಲಿಲ್ಲ. ಸೆರಗು ಸಹ ಸರಿಮಾಡಿಕೊಳ್ಳಲಿಲ್ಲ. "ಬಾಬಾಸಾಹೇಬ. ನನ್ನ ಗಂಡ" ಎಂದೆ. ಪಡಸಾಲೆಯಲ್ಲಿದ್ದ ಮಾಲಿಂಗಪ್ಪನಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. ಹೇಳಿದ ಮೇಲೆ ಬಾಯಿ ಕಹಿಯಾಯಿತು. ಹೆಸರಿಗೆ ಬೆಲ್ಲ ಇಲ್ಲದೆ ಇದ್ದರೆ ಹೀಗೆ ಎಂದು ಆಗ ಗೊತ್ತಾಯಿತು.

ಆ ಹೊತ್ತಿಗೆ ಗಾಳಿ ಎದ್ದು ದೋಣಿ ಬಿಡುವಂತಿರಲಿಲ್ಲ. ಬಂದವರನ್ನು ಉಪವಾಸ ಇಡುವ ಮನೆಯಲ್ಲ ಇದು. ಹೊತ್ತು ಮುಳುಗುವ ಮುಂಚೆ ರೊಟ್ಟಿ, ಹೆಸರುಕಾಳು ಪಲ್ಯ ಬಡಿಸಿದೆ. ಸೋನಾಲಿ ತಲೆ ಎತ್ತದೆ ಉಂಡಳು. ಆಕೆಯ ಗಂಡ ಕೈ ತೊಳೆಯುತ್ತ ಹೇಳಿದ, "ಗಂಡ ಹೆಂಡ್ತಿ ವಿಷಯ ನೀವು ನೀವು ಮುಗಿಸ್ಕೊಳ್ರಿ. ಜಾಗಾ ನಮಗ ಪಸಂದ ಐತಿ." ಆತನ ಮೇಲೆ ನನಗೆ ಸಿಟ್ಟಿಲ್ಲ, ಆತ ವ್ಯಾಪಾರಕ್ಕೆ ಬಂದವನು. ಕರೆಪ್ಪ ಮಾತ್ರ ಗಾಳಿ ಇಳಿದು ದೋಣಿ ಬಿಡುವಾಗ ಮಾಲಿಂಗಪ್ಪನನ್ನು ಬಿಟ್ಟು ಉಳಿದಿಬ್ಬರಿಗೆ ಕೈ ಕೊಟ್ಟು ಹತ್ತಿಸಿದ. ದಲ್ಲಾಳಿಯ ಧೋತರ ಸೊಂಟದವರೆಗೆ ನೆಂದಿತು. ನಾನು ನಕ್ಕೆ. ಬಹಳ ದಿನದ ಮೇಲೆ ನಕ್ಕೆ.

ಈಗ ನನ್ನ ಮಾತು ಕೇಳಿ. ನಾನು ಹೋಗುವುದಿಲ್ಲ. ಹುಕ್ಕೇರಿಗೆ ಹೋಗಿ ವಕೀಲರನ್ನು ಕಂಡು ಬಂದಿದ್ದೇನೆ. ಹೆಂಡತಿ ಕೂತ ಮನೆಯನ್ನು ಖಾಲಿ ಎಂದು ಮಾರಿದರೆ ಕೊಂಡವರು ಕೋರ್ಟು ಹತ್ತಬೇಕಾಗುತ್ತದೆ ಎಂದು ಅವರು ಹೇಳಿದ್ದಾರೆ. ನಿಮಗೆ ಮಾರಲೇಬೇಕಿದ್ದರೆ ನೀವೇ ಬನ್ನಿ. ದಲ್ಲಾಳಿಯನ್ನು ಕಳಿಸಬೇಡಿ, ಅಚ್ಚಿನ ಕಾರ್ಡು ಕಳಿಸಬೇಡಿ. ಕರೆಪ್ಪನ ದೋಣಿಯಲ್ಲಿ ಬಂದು, ಈ ಪಡಸಾಲೆಯಲ್ಲಿ ನನ್ನೆದುರು ಕೂತು, ಜಿನ್ನವ್ವಾ, ನೀನು ಇಲ್ಲಿ ಇಲ್ಲ ಎಂದು ನನ್ನ ಮುಖಕ್ಕೆ ಹೇಳಿ. ಹೇಳುವ ಧೈರ್ಯ ಇದ್ದರೆ ಅದೇ ದೋಣಿಯಲ್ಲಿ ನಾನು ಎದ್ದು ಹೋಗುತ್ತೇನೆ.

ನಿಜ ಹೇಳಲೇ? ನೀವು ಮೊದಲೇ ಬಂದು ಕೇಳಿದ್ದರೆ ಬಿಟ್ಟುಕೊಡುತ್ತಿದ್ದೆನೇನೋ. ಕಷ್ಟ ಇದೆ, ಮಾರಬೇಕು ಎಂದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮನೆಯೇನು, ಕಲ್ಲು ಮಣ್ಣು. ನನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲವಲ್ಲ, ಅದು ನನಗೆ ತಡೆಯಲಾಗುತ್ತಿಲ್ಲ.

ಪತ್ರ ಮುಗಿಯುತ್ತ ಬಂತು. ನಿಮ್ಮ ಕ್ಷೇಮ ಕೇಳಲು ಈಗಲೂ ಮನಸ್ಸು ಬರಲಿಲ್ಲ.

ಇಂತಿ,
ಈ ಮನೆಯಲ್ಲಿ ಇರುವ
ಜಿನ್ನವ್ವ

ತಾ.ಕ.: ಶೈಲಾ, ಇಲ್ಲಿಂದ ಮುಂದಿನದು ನಿನಗೆ. ಗಟ್ಟಿಯಾಗಿ ಓದಬೇಡ, ಪತ್ರ ಮುಗಿಯಿತು ಎಂದು ಅವರಿಗೆ ಹೇಳು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಪೂರ್ತಿ ಹೋಗಿದೆ, ಪತ್ರ ಪೇಪರು ಎಲ್ಲ ನೀನೇ ಓದಿ ಹೇಳುತ್ತೀ ಎಂದು ಗೋಕಾಕದ ಸಂತೆಗೆ ಹೋಗಿ ಬಂದ ಕರೆಪ್ಪ ಹೇಳಿದ. ಅಂದರೆ ಆ ಜಾಹೀರಾತು ಅವರು ಹೇಳಿದರು, ನೀನು ಬರೆದೆ. 'ಖಾಲಿ' ಎಂಬ ಮಾತು ಬಂದಾಗ ನಿನ್ನ ಕೈ ಯಾಕೆ ನಿಲ್ಲಲಿಲ್ಲ? ಆ ಸಿಟ್ಟು ನನಗೆ ನಿನ್ನ ಮೇಲೆ ಇದೆ, ಮುಚ್ಚಿಡುವುದಿಲ್ಲ. ಆದರೂ ಇದನ್ನು ನಿನಗೆ ಹೇಳದೆ ಇದ್ದರೆ ನಾನೂ ಅವರಂಥವಳೇ ಆಗುತ್ತೇನೆ. ರೊಟ್ಟಿ ತಿನ್ನುವಾಗ ಮಾಲಿಂಗಪ್ಪ ಬಾಯಿ ಬಿಟ್ಟ. ಗೋಕಾಕದ ಮನೆಯನ್ನೂ ಮಾರಿ ಮಿರಜಿನಲ್ಲಿ ತಮ್ಮನ ಮಗನ ಹತ್ತಿರ ಹೋಗಿ ಇರುತ್ತಾರಂತೆ. ಅದನ್ನು ನಿನ್ನ ಕೈಯಲ್ಲಿ ಬರೆಸಿಲ್ಲ, ಅವನನ್ನು ಅಂಗಡಿಗೆ ಕರೆಸಿ ಬಾಯಿಂದಲೇ ಹೇಳಿದ್ದಾರೆ. ಗೋಕಾಕದ ಆ ಮನೆಯಲ್ಲಿ ಯಾರಿದ್ದಾರೆ ಎಂದು ಅವನು ಕೇಳಿದ್ದಕ್ಕೆ, ಕೆಲಸದವಳು ಒಬ್ಬಳಿದ್ದಾಳೆ, ಹೋಗುತ್ತಾಳೆ ಎಂದರಂತೆ.