ಪೂಜೆಯಾದ ಅಳತೆ

ಸಿಂಧನೂರು
4 ಆಗಸ್ಟ್ 1994

ಅಪ್ಪಾ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಈ ಕಾಗದವನ್ನು ನಿಂತ ಕಾಲ ಮೇಲೆ ಓದಬೇಡ, ಕೂತು ಓದು.

ಮಸ್ಕಿಯಲ್ಲಿ ನೀನು ಮೇಸ್ತ್ರಿಯಾಗಿ ನಿಂತು ಕಟ್ಟುತ್ತಿರುವ ಗುರುಲಿಂಗಮ್ಮನವರ ಮನೆಯ ಪಾಯ ಸಣ್ಣದಾಗಿದೆ. ತಪ್ಪು ನಿನ್ನದಲ್ಲ, ನನ್ನದು. ನಮ್ಮ ಆಫೀಸಿನ ಕಂಪ್ಯೂಟರಿಗೆ ಎಷ್ಟು ಮಹಡಿ, ಕಂಬದಿಂದ ಕಂಬಕ್ಕೆ ಎಷ್ಟು ದೂರ, ನೆಲ ಎಂಥದ್ದು ಎಂದು ಹೇಳಬೇಕು. ಆಮೇಲೆ ಅದು ಕಂಬ, ಪಾಯಗಳ ಮೊದಲ ಅಂದಾಜು ಕೊಡುತ್ತದೆ. ಈ ಮನೆಯ ಅಂದಾಜು ತೆಗೆದ ದಿನ ಅದರೊಳಗೆ ಲಿಂಗಸುಗೂರಿನ ಹಿಂದಿನ ಕೆಲಸದ ಗಟ್ಟಿ ಗರಸು ನೆಲದ ಲೆಕ್ಕ ಹಾಗೇ ಉಳಿದಿತ್ತು. ಕರೆಂಟು ಹೋಗುವ ಮೊದಲು ಮುಗಿಸುವ ಅವಸರದಲ್ಲಿ ನಾನು ಅದನ್ನು ಬದಲಾಯಿಸಲೇ ಇಲ್ಲ. ಗುರುಲಿಂಗಮ್ಮನವರ ಜಾಗ ಎರೆ ಮಣ್ಣು. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಇದನ್ನು ನಿನಗೆ ನಾನು ಹೇಳಿಕೊಡಬೇಕೇ?

ನೀನು ಮಣ್ಣು ನೋಡಿದೆ, ಆದರೂ ನನ್ನ ಹಾಳೆಯನ್ನೇ ನಂಬಿದೆ. ಗುದ್ದಲಿ ಪೂಜೆಯ ದಿನ ಆ ಅಂದಾಜಿನ ಹಾಳೆಯನ್ನೇ ತೆಂಗಿನಕಾಯಿಯ ಪಕ್ಕ ಇಟ್ಟು ಅರಿಶಿನ ಕುಂಕುಮ ಹಚ್ಚಿದೆ. "ನನ್ ಮಗಳು ಕಂಪ್ಯೂಟರ್‌ದಾಗ ತಗದಾಳ" ಎಂದು ಕೂಲಿಯವರಿಗೆಲ್ಲ ತೋರಿಸಿದೆ. ವಾರದ ಮೇಲೆ ತಪ್ಪು ಕಂಡು ನಾನು ಬೇರೆ ಹಾಳೆ ತಂದಾಗ, ಸಣ್ಣ ಬದಲಾವಣೆ ಎಂದಷ್ಟೇ ಹೇಳಿದೆ. ಹೇಡಿ ನಾನು. ನೀನು ನಕ್ಕು, "ಪೂಜಿ ಆದ ಅಳತಿ ಮುಟ್ಟಂಗಿಲ್ಲವ್ವಾ. ಮಿಷನ್ ಸುಳ್ಳು ಹೇಳ್ತೈತೇನ?" ಎಂದು ಹೊಸ ಹಾಳೆಯನ್ನು ಮಡಚಿ ಕಿಸೆಗಿಟ್ಟುಕೊಂಡೆ.

ಆಮೇಲೆ ತಪ್ಪನ್ನು ನಮ್ಮ ಆಫೀಸಿನ ಸಾಹೇಬರಿಗೆ ಹೇಳಿದೆ. "ಬಾಯಿ ಮುಚ್ಕೊಂಡಿರು. ಊರಾಗ ಎಷ್ಟು ಮನಿ ಹಂಗೇ ನಿಂತಾವ. ಸುದ್ದಿ ಹೊರಗ ಹೋದ್ರ ನಿನ್ನ ನೌಕರಿ ಇರಂಗಿಲ್ಲ" ಎಂದರು. ಕಳೆದ ಭಾನುವಾರ ನಿನ್ನ ಹತ್ತಿರವೇ ಬಂದೆ. ನೀನು ಎಲ್ಲರೆದುರು ನನ್ನ ತಲೆ ಸವರಿದೆ. ನಾನು ವಿಷಯ ಎತ್ತದೆಯೇ ಚಹಾ ಕುಡಿದು ಬಸ್ಸು ಹತ್ತಿದೆ.

ಸೋಮವಾರ ನೀನು ಸ್ಲ್ಯಾಬ್ ಹಾಕುತ್ತೀ. ಅದರ ಮೇಲಿನ ಮಹಡಿಯಲ್ಲಿ ಗುರುಲಿಂಗಮ್ಮನವರ ಹತ್ತಿರ ಹೊಲಿಗೆ ಕಲಿಯಲು ಇಪ್ಪತ್ತು ಹುಡುಗಿಯರು ಕೂರುತ್ತಾರೆ. ಹಾಕಬೇಡ ಅಪ್ಪಾ. ಕಂಬಗಳ ಬುಡ ಅಗೆದು ಪಾಯ ಅಗಲ ಮಾಡುವವರೆಗೆ ಒಂದು ಬುಟ್ಟಿ ಕಾಂಕ್ರೀಟೂ ಮೇಲೆ ಹೋಗಬಾರದು. ಯಾಕೆ ನಿಲ್ಲಿಸಿದೆ ಎಂದು ಕೇಳಿದವರಿಗೆ ನನ್ನ ಹೆಸರು ಹೇಳು. ನನ್ನನ್ನು ಉಳಿಸಲು ತಪ್ಪನ್ನು ನಿನ್ನ ಮೈಮೇಲೆ ಎಳೆದುಕೊಳ್ಳುವವನು ನೀನು, ನನಗೆ ಗೊತ್ತು. ಅದಕ್ಕೇ ಇದೆಲ್ಲವನ್ನೂ ಬರೆದು, ಸಹಿ ಹಾಕಿ, ಇನ್ನೊಂದು ಕಾಗದವನ್ನು ಬೆಳಗಿನ ಬಸ್ಸಿಗೇ ಗುರುಲಿಂಗಮ್ಮನವರಿಗೆ ಕಳಿಸಿಬಿಟ್ಟಿದ್ದೇನೆ.

ನಿನ್ನ ಕೈಕಾಲು ಗಟ್ಟಿಯಾಗಿರಲಿ. ಇನ್ನು ಮೇಲೆ ನನ್ನನ್ನು ಯಾರಿಗೂ ತೋರಿಸದಿದ್ದರೂ ಸರಿ, ಮನೆಗೆ ಮಾತ್ರ ಕರೆ.

ನಿನ್ನ ಮಗಳು,
ಗಿರಿಯಮ್ಮ