ಕಿಟಕಿಯ ಖಾಲಿ ಚೌಕ

ವಾಲ್ಪರೈಸೊ,
14 ಆಗಸ್ಟ್ 2009

ಪ್ರೀತಿಯ ತಂಗಿ ನೊಲ್ಫಾಳಿಗೆ,

ಮೊದಲು ಕ್ಷಮೆ ಕೇಳಬೇಕು. ನಿನ್ನ ಪತ್ರ ತಲುಪಿ ಆರು ವಾರಗಳಾದರೂ ಉತ್ತರಿಸಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ಹಿಂದಿನ ಪತ್ರದೊಡನೆ ಕಳುಹಿಸಿದ ಕ್ರಾಸ್ ಸ್ಟಿಚ್ ಕಸೂತಿಯ ನಕ್ಷೆಯ ಅಂಚಿನಲ್ಲಿ ನಮ್ಮ ಮನೆಯ ವರ್ಷಗಳನ್ನು ತಪ್ಪಾಗಿ ಬರೆದದ್ದು.

ಆ ನಕ್ಷೆಯನ್ನು ಹೊಸದಾಗಿ ಕಲಿಯುವವರಿಗೆಂದೇ ಬರೆದೆ. ಅದರಲ್ಲಿ ಎಲ್ಲವೂ ಗುಣಾಕಾರದ ಪೂರ್ತಿ ಹೊಲಿಗೆ, ಅರೆಹೊಲಿಗೆ ಇಲ್ಲ, ಬಣ್ಣಗಳೂ ಕಡಿಮೆ. ಬಟ್ಟೆಯನ್ನು ನಾಲ್ಕಾಗಿ ಮಡಿಸಿ ನಡುವಿನಿಂದ ಆರಂಭಿಸಿದರೆ ಗುಡ್ಡಗಳು, ಅವುಗಳ ಮೇಲಿನ ಮನೆಗಳು, ಗಂಟೆಗೋಪುರ ಎಲ್ಲವೂ ತಾವಾಗಿಯೇ ಎದ್ದು ನಿಲ್ಲುತ್ತವೆ. ಮೇಲಿನ ಎಳೆಗಳೆಲ್ಲ ಒಂದೇ ದಿಕ್ಕಿಗೆ ಬೀಳಲಿ; ನೀನು ಕಳುಹಿಸಿದ ಚಿತ್ರದಲ್ಲಿ ಎಡಗಡೆಯ ಗುಡ್ಡ ಗಾಳಿಗೆ ಸಿಕ್ಕಿದ ಹುಲ್ಲಿನಂತೆ ಕಾಣುತ್ತದೆ.

ನೀನು ಎರಡು ಮಾತು ಬರೆದಿದ್ದೆ. ನಮ್ಮ ಮನೆಯ ಕಿಟಕಿಯ ಚೌಕಕ್ಕೆ ಗುರುತಿದೆ, ಬಣ್ಣದ ಪಟ್ಟಿಯಲ್ಲಿ ಅದಕ್ಕೆ ಬಣ್ಣವಿಲ್ಲ ಎಂಬುದು ಒಂದು. "ಅಣ್ಣ ಸತ್ತ ವರ್ಷ ಅಂತ 1971 ನಾನು ಹೊಲಿಯಲ್ಲ ಅಕ್ಕ, ನೋಡಿದೋರು ಯಾರು?" ಎಂಬುದು ಇನ್ನೊಂದು. ಅಪ್ಪನೊಡನೆ ಜಗಳವಾಡಿ ಹಡಗು ಹತ್ತಿದ ಅಣ್ಣ ಅಮಾದೋರನಿಗೆ ಅಮ್ಮ, "ಕಿಟಕೀಲಿ ದೀಪ ಕಂಡ್ರೆ ನಾನಿದೀನಿ ಅಂತ ತಿಳ್ಕೊ, ಮೆಟ್ಟಿಲು ಹತ್ತಿ ಬಾ" ಎಂದದ್ದು ನಿನಗೂ ನೆನಪಿರಬೇಕು. ಸುದ್ದಿಯಿಲ್ಲ, ಸತ್ತೇ ಹೋಗಿರಬೇಕೆಂದು ಅಪ್ಪ 1971ರಲ್ಲಿ ಅವನ ಆತ್ಮಶಾಂತಿಗಾಗಿ ಚರ್ಚಿನಲ್ಲಿ ಪೂಜೆ ಮಾಡಿಸಿದ. ಅಮ್ಮ ಮಾತ್ರ ದೀಪ ಹಚ್ಚುತ್ತಲೇ ಇದ್ದಳು. ಆ ಚೌಕ ಉರಿಯುತ್ತಿದೆ ಎನ್ನಲೂ ಆರಿತು ಎನ್ನಲೂ ನನಗೆ ಕೈ ಬರಲಿಲ್ಲ. ನನ್ನ ದಾರದ ಅಂಗಡಿಯ ಗಾಜಿನೊಳಗೆ ತೂಗುಹಾಕಿದ ಮಾದರಿಯಲ್ಲಿಯೂ ಅಲ್ಲಿ ಬರಿಯ ಬಟ್ಟೆಯನ್ನೇ ಬಿಟ್ಟಿದ್ದೆ.

ಕಳೆದ ತಿಂಗಳು ಒಬ್ಬ ಹೆಂಗಸು ಮಳೆಯಲ್ಲಿ ನೆನೆಯುತ್ತ ಆ ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಉಣ್ಣೆಯ ದಾರ ಕೊಳ್ಳಲು ಬಂದಿದ್ದ ಪಕ್ಕದ ಬೇಕರಿಯ ಪ್ರೊಸ್ಪೆರೀನಾ ಸುಮ್ಮನಿರುವವಳೇ?

"ಒಳಗ್ ಬಾರಮ್ಮ, ನೋಡೋಕೆ ದುಡ್ಡಿಲ್ಲ. ಕೊಳ್ಳೋರು ಬಂದ್ರೆ ಮಾತ್ರ ಈಯಮ್ಮನಿಗೆ ಸಿಟ್ಟು."

ಅವಳು ಒಳಗೆ ಬಂದು ನನ್ನನ್ನು ಕೇಳಿದಳು: "ಇದನ್ನ ಸಮುದ್ರದ ಕಡೆಯಿಂದ ನೋಡಿ ಬರೆದಿದೀರಲ್ವಾ?"

ಈ ಊರಿನವರು ಊರನ್ನು ಬರೆಯುವುದು ಗುಡ್ಡದ ಮೇಲೆ ನಿಂತು. ಅಪ್ಪನ ದೋಣಿಯಲ್ಲಿ ಬೆಳೆದವರಿಗಷ್ಟೇ ಈ ನೋಟ ಗೊತ್ತು. ಹೌದೆಂದೆ.

"ಈ ಕಿಟಕಿ ಯಾಕೆ ಖಾಲಿ? ನಮ್ಮಪ್ಪ ಗೋಡೆ ಮೇಲೆ ಇದೇ ಗುಡ್ಡ ಬರೆದು, ಇಲ್ಲಿ ಮಾತ್ರ ಹಳದಿ ಸೀಮೆಸುಣ್ಣ ಹಚ್ತಿದ್ರು."

"ನಿಮ್ಮಪ್ಪನ ಹೆಸರು?" ಎಂದೆ. ಅವಳು ಹೇಳುವ ಮೊದಲೇ ಪ್ರೊಸ್ಪೆರೀನಾ ನನಗೆ ಕುರ್ಚಿ ಎಳೆದು ಹಾಕಿದಳು.

ಅವಳ ಹೆಸರು ಯಾದಿರಾ. ಅಮಾದೋರನ ಮಗಳು, ಊರು ದೂರದ ಉತ್ತರದ ಬಂದರು ಗ್ವಾಯಾಕಿಲ್. ನಗುವಾಗ ನಿನ್ನಂತೆಯೇ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಸಂಜೆಯ ಚಹಾಕ್ಕೆ ಕುಳಿತಾಗ, "ಅತ್ತೆ ಅಂತ ಕರೀಲಾ?" ಎಂದು ಕೇಳಿದಳು. ನಾನು ರೊಟ್ಟಿಗೆ ಬೆಣ್ಣೆ ಹಚ್ಚುತ್ತಲೇ ಇದ್ದೆ. ತಟ್ಟೆಯಲ್ಲಿದ್ದ ರೊಟ್ಟಿಗಳೆಲ್ಲ ಮುಗಿದವು. "ಇಷ್ಟೆಲ್ಲ ಯಾರು ತಿಂತಾರೆ ಅತ್ತೆ?" ಎಂದಳು. ಉತ್ತರಕ್ಕೆ ಕಾಯದೆ ಕರೆದೇಬಿಟ್ಟಳು, ನೋಡು.

ನಿನ್ನ ಮಾತೇ ನಿಜವಾಯಿತು, ನೊಲ್ಫಾ. ಅಣ್ಣ ಬದುಕಿದ್ದ; ಐದು ವರ್ಷಗಳ ಹಿಂದಿನವರೆಗೂ ಬದುಕಿದ್ದ.

ಬೇಸಿಗೆಗೆ ಯಾದಿರಾ ಮತ್ತೆ ಬರುತ್ತಾಳೆ, ನೀನೂ ಬಾ. ನಿನ್ನ ಬೆರಳುಗಳು ಸೂಜಿಗೆ ಬೇಗ ಒಗ್ಗಲಿ, ಕಣ್ಣಿನ ಬೆಳಕು ಕುಂದದಿರಲಿ.

ಇಂತು ನಿನ್ನ ಅಕ್ಕ,
ಎದುವಿನಾ

ಮರೆತ ಮಾತು: ಅವನು ಏಕೆ ಬರಲಿಲ್ಲ ಎಂದು ನೀನು ಕೇಳುವೆ. ಬಂದಿದ್ದ. ಭೂಕಂಪವಾದ ಮರುದಿನ ಅವನ ಹಡಗು ಕೊಲ್ಲಿಯಲ್ಲಿ ಲಂಗರು ಹಾಕಿತ್ತು. ಕಟ್ಟೆ ಬಿರುಕುಬಿಟ್ಟಿದ್ದರಿಂದ ಯಾರನ್ನೂ ಇಳಿಯಗೊಡಲಿಲ್ಲ. ಗುಡ್ಡದ ಮೇಲೆ ಅಲ್ಲೊಂದು ಇಲ್ಲೊಂದು ಮೇಣದಬತ್ತಿ ಇತ್ತಂತೆ. ನಮ್ಮ ಕಿಟಕಿ ಮಾತ್ರ ಕಪ್ಪು. ಅಮ್ಮ ಹೋದಳೆಂದು ತಿಳಿದ. ಹಡಗು ಬೆಳಗಾಗುವ ಮುನ್ನ ಉತ್ತರಕ್ಕೆ ತಿರುಗಿತು. ಆ ರಾತ್ರಿ ನಾವೆಲ್ಲ ಕೆಳಗೆ ಊರಿನ ಚೌಕದಲ್ಲಿ ಡೇರೆ ಹಾಕಿ ಮಲಗಿದ್ದೆವಲ್ಲ, "ದೀಪ ಹಚ್ಚಿ ಬಂದ್ಬಿಡ್ತೀನಿ, ಬಿಡ್ರೇ" ಎಂದು ಅಮ್ಮ ಏಳುತ್ತಲೇ ಇದ್ದಳು. ಮೆಟ್ಟಿಲು ಕುಸಿದಿವೆಯೆಂದು ಒಂದು ಕೈಯನ್ನು ನಾನು ಹಿಡಿದಿದ್ದೆ, ಇನ್ನೊಂದನ್ನು ನೀನು.

ಅಂಚಿಗೆ ಸರಿಯಾದ ವರ್ಷಗಳು:

ಮನೆ ಕಟ್ಟಿದ್ದು: 1936 ಅಲ್ಲ, 1938.
ಅಮಾದೋರ್ ಹೊರಟದ್ದು: 1969 ಅಲ್ಲ, 1968.
ಅಮಾದೋರ್ ತೀರಿಕೊಂಡದ್ದು: 1971 ಅಲ್ಲ, 2004.
ಕಿಟಕಿಯಲ್ಲಿ ದೀಪ, ಹಳದಿ ದಾರ: 1968ರಿಂದ ಅಮ್ಮ ತೀರಿಕೊಂಡ 1987ರವರೆಗೆ, 1985ರ ಮಾರ್ಚ್ 4ರ ರಾತ್ರಿಯೊಂದನ್ನು ಬಿಟ್ಟು.